ಡ್ರೈವರ್ ಸಿಗಲಿಲ್ಲ

ಜೂನ್ 3, ಮಂಗಳವಾರ (ಡೈರಿಯಲ್ಲಿ ಸೋಮವಾರ ಎಂದಿದೆ)

ಮಾತ್ರೆ ನುಂಗಿದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡೆ. ಹಾಲಿನವನು ಇವತ್ತೂ ನೀರಿಗೆ ಹಾಲು ಬೆರೆಸಿ ತಂದಿದ್ದ. ಕೇಳಿದರೆ ಹಸುವಿನ ಕಡೆ ಕೈ ತೋರಿಸುತ್ತಾನೆ.

ಈ ಡೈರಿ ಹೋದ ವರ್ಷದ್ದು. ವಾರ ಒಂದು ದಿನ ಹಿಂದೆ. ಬಸ್ ಡಿಪೋದಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟಿದ್ದರಂತೆ. ನಮ್ಮನೆ ಡ್ರೈವರ್ ಒಂದಕ್ಷರ ಬರೆಯದೆ ಹೋದ. ಹಾಳೆ ದಂಡವಾಗಬಾರದೆಂದು ನಾನು ಗೀಚುತ್ತೇನೆ. ನಾಲ್ಕನೇ ಕ್ಲಾಸಿನ ಅಕ್ಷರ. ಯಾರು ಓದಬೇಕು.

ಡ್ರೈವರ್ ಅಂದರೆ ಮಗಳ ಗಂಡ. ಗುಮಾಸ್ತನೋ ಮೇಷ್ಟ್ರೋ ಸಿಗಲಿ ಎಂದು ನಾನು ಕಾದಿದ್ದೆ, ಅವಳು ಬಸ್ಸಿನವನನ್ನು ಒಪ್ಪಿಕೊಂಡು ಬಂದಳು. ಆ ಸಿಟ್ಟಿಗೆ ಹದಿನಾರು ವರ್ಷ ಅವನನ್ನು ಡ್ರೈವರ್ ಎಂದೇ ಕರೆದೆ. ಅಳಿಯಂದಿರು ಎಂದು ಬಾಯಿ ತುಂಬ ಒಂದು ದಿನ ಅನ್ನಲಿಲ್ಲ. ಕೊನೆಯ ಆರು ವರ್ಷ ಅವನ ಮನೆಯ ಮಂಚದ ಮೇಲೇ ಬಿದ್ದುಕೊಂಡಿದ್ದೆ, ಅವನ ಅನ್ನವನ್ನೇ ಉಂಡೆ. ಆಗಲೂ ಡ್ರೈವರ್.

ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಚೀಟಿ ಒಪ್ಪಿಸಿ, ಮೆಟ್ಟಿಲಿಳಿಯುವಾಗ ಕುಸಿದನಂತೆ. ಹತ್ತು ತಿಂಗಳಾಯಿತು. ಅವತ್ತಿನಿಂದ ಮಗಳು ಗೇಟು ದಾಟಿಲ್ಲ. ಆ ಹಳೇ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಆನ್ ಕೂಡ ಮಾಡುವುದಿಲ್ಲ. ಕಪ್ಪು ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು...

ಇವತ್ತು ಊಟದ ಹೊತ್ತಿಗೆ ತಾನಾಗಿ ಬಾಯಿ ಬಿಟ್ಟಳು. ಆಸ್ಪತ್ರೆಯ ಹಳೇ ರಿಜಿಸ್ಟರುಗಳನ್ನೆಲ್ಲ ಮನೆಯಿಂದಲೇ ಟೈಪು ಮಾಡಿ ಕಳಿಸುವ ಕೆಲಸವಂತೆ. ಅರ್ಜಿ ಹಾಕಿದ್ದಳಂತೆ. ಒಪ್ಪಿದ್ದಾರಂತೆ. ಹದಿನಾರನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರಿನಲ್ಲೇ ಹಾಜರಿ ಹಾಕಬೇಕು, ಇಲ್ಲದಿದ್ದರೆ ಬೇರೆಯವರಿಗೆ.

"ಕಂಪ್ಯೂಟರ್ ಇದೆ ಅಮ್ಮ, ನೆಟ್ ಇಲ್ಲ" ಎಂದಳು.

ಹತ್ತು ತಿಂಗಳಲ್ಲಿ ಅವಳು ಬೇಕು ಎಂದ ಮೊದಲನೇ ವಸ್ತು. ತಲೆ ಕೆಳಗಾದರೂ ತರಿಸಬೇಕು.

ಜೂನ್ 5, ಗುರುವಾರ

ಮಹಡಿಯಮ್ಮನ ಹತ್ತಿರ ಹೋಗಿದ್ದೆ. ಮನೆ ಅವಳದು, ನೆಟ್ಟೂ ಅವಳದು. ಹದಿನೆಂಟು ಮೆಟ್ಟಿಲು. ಏದುಸಿರು ಬಿಡುತ್ತ ಹೋದದ್ದಕ್ಕಾದರೂ ಕರಗಲಿ ಎಂದು ಸ್ವಲ್ಪ ಜಾಸ್ತಿಯೇ ಬಿಟ್ಟೆ.

"ನೆಟ್ ಕೊಡ್ತೀನಿ ಅಜ್ಜಿ, ಧಾರಾಳವಾಗಿ ತಗೊಳ್ಳಿ. ಗೋಡೆ ಮಾತ್ರ ತೂತು ಮಾಡಿಸ್ಬೇಡಿ. ಮೊನ್ನೆ ತಾನೇ ಬಣ್ಣ ಹೊಡ್ಸಿದ್ದೀನಿ."

"ತೂತಿಲ್ದೆ ತಂತಿ ಹೆಂಗೆ ಬರುತ್ತೆ ತಾಯಿ, ಹಾರ್ಕೊಂಡಾ?"

"ಹೂಂ ಅಜ್ಜಿ. ಈಗ ಹಾರ್ಕೊಂಡೇ ಬರೋದು."

ಕೆಳಗೆ ಬಂದು ಹೇಳಿದರೆ ಮೊಮ್ಮಗಳು ನಕ್ಕಳು. ಫೋನಿಗೆ ಹಾರಿ ಬರುತ್ತದಂತೆ, ನಮ್ಮ ಕಂಪ್ಯೂಟರಿಗೆ ಬರುವುದಿಲ್ಲವಂತೆ. "ಅದು ಹಳೇದು ಅಜ್ಜಿ, ಅದಕ್ಕೆ ಕಿವಿ ಇಲ್ಲ. ಒಂದು ಕಾರ್ಡ್ ಹಾಕಿಸ್ಬೇಕು." ಹೇಳಿದವಳೇ ಮೇಜಿನ ಡ್ರಾಯರ್ ಎಳೆದು ತಡಕಾಡಿ ಒಂದು ಡಬ್ಬಿ ತೆಗೆದಳು. "ಅಪ್ಪ ತಂದಿಟ್ಟಿದ್ರು. ಹೋದ ಜುಲೈಲಿ. ಹಾಕ್ಬೇಕು ಹಾಕ್ಬೇಕು ಅಂತಿದ್ರು."

ಒಳಗೆ ಹಸಿರು ಹಲಗೆಯ ಚೂರು, ಎರಡು ಕಪ್ಪು ಕೊಂಬು. ಪಕ್ಕದಲ್ಲಿ ದುಂಡನೆಯ ಜಾಗವೊಂದು ಖಾಲಿ. ಮಗಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಳಲಿಲ್ಲ. ರಿಪೇರಿಯವನಿಗೆ ತಾನೇ ಫೋನು ಮಾಡಿದಳು.

ನಮ್ಮ ಡ್ರೈವರ್ ಆ ಮೆಷಿನ್ನಿನ ಮುಂದೆ ಕೂರುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ, ಮೊದಲ ಪಾಳಿ ಮುಗಿಸಿ ಬಂದು. ಬೀರುವಿನ ಈಚೆ ನನ್ನ ಮಂಚ, ಆಚೆ ಅವನ ಮೇಜು. ಬಂದವನೇ ಮೊದಲು ಕೇಳುತ್ತಿದ್ದದ್ದು "ಅತ್ತೆ, ಎದ್ರಾ?" ಎಂದು. ದಿನಾ. ನಾನು ಎಚ್ಚರವಿದ್ದರೂ ಕಣ್ಣು ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುವನು. ಉತ್ತರ ಕೊಡಲಿಲ್ಲ. ಆರು ವರ್ಷದಲ್ಲಿ ಒಂದು ಸಲ ಹೂಂ ಎನ್ನಲಿಲ್ಲ. ಏನು ಗಂಟು ಹೋಗುತ್ತಿತ್ತೋ.

ನನ್ನ ಟ್ರಂಕಿನಲ್ಲಿ ಒಂದು ವಸ್ತು ಇದೆ. ಮಗಳಿಗೂ ಗೊತ್ತಿಲ್ಲ. ಅವನ ಅಂಗಿಗಳನ್ನು ಮಡಿಸಿ ಕೊಟ್ಟುಬಿಡುವ ದಿನ ಅವುಗಳ ಅಡಿಯಲ್ಲಿ ಸಿಕ್ಕಿತು. ಕನ್ನಡಿಯಂಥ ಸೀಡಿ ತಟ್ಟೆ, ಹಾಡು ಕೇಳುತ್ತಿದ್ದನಲ್ಲ, ಅಂಥದೇ. ಅದರ ಮೇಲೆ ದಪ್ಪ ಪೆನ್ನಿನಲ್ಲಿ ಅವನ ಕೈಬರಹ — ಡ್ರೈವರ್. ಅಷ್ಟೇ. ಅವನನ್ನು ಹಾಗೆ ಕರೆಯುತ್ತಿದ್ದವಳು ಈ ಮನೆಯಲ್ಲಿ ನಾನೊಬ್ಬಳೇ. ಅಂದಮೇಲೆ ಅದು ನನಗೇ ಬಿಟ್ಟುಹೋದದ್ದು. ಏನು ಮಾತಾಡಿ ತುಂಬಿಸಿದ್ದಾನೋ. ಬೈದಿದ್ದರೆ ಬೈದಿರಲಿ, ಬೈಸಿಕೊಳ್ಳುವಷ್ಟು ಮಾಡಿದ್ದೇನೆ. ಮಗಳ ಕಿವಿಗೆ ಬೀಳುವುದು ಬೇಡ ಎಂದು ಹಳೇ ರವಿಕೆಯಲ್ಲಿ ಸುತ್ತಿಟ್ಟಿದ್ದೇನೆ. ಆಗಾಗ ಬಿಚ್ಚಿ ನೋಡುತ್ತೇನೆ. ನನ್ನ ಮುಖವೇ ಕಾಣುತ್ತದೆ, ಅಡ್ಡಡ್ಡ.

ಜೂನ್ 6, ಶುಕ್ರವಾರ

ರಿಪೇರಿಯವನು ಬಂದ. ಐವತ್ತು ದಾಟಿದ ಗಂಡಸು, ನನ್ನಂತೆಯೇ ಮೊಣಕಾಲು ಹಿಡಿದುಕೊಂಡು ಕೂತ. ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿದ. ಹತ್ತು ತಿಂಗಳ ಧೂಳು. ಬ್ರಷ್ಷಿನಲ್ಲಿ ಗುಡಿಸುತ್ತ ಗುಡಿಸುತ್ತ ಫ್ಯಾನಿನ ಪಕ್ಕದಿಂದ ಏನೋ ಕಿತ್ತು ನೆಲಕ್ಕೆಸೆದ. ಮಡಿಸಿ ಮಡಿಸಿ ಗಟ್ಟಿ ಮಾಡಿದ ಬಸ್ ಟಿಕೆಟು.

ಮಗಳು ಬಗ್ಗಿ ತೆಗೆದುಕೊಂಡಳು. "ಅದು ಅಲ್ಲೇ ಇರ್ಬೇಕು. ಇಲ್ದಿದ್ರೆ ಫ್ಯಾನ್ ಲೊಟಲೊಟ ಅನ್ನತ್ತೆ. ಅವ್ರೇ ಸಿಗಿಸಿದ್ದು."

"ನಾನು ಸ್ಕ್ರೂ ಬಿಗಿ ಮಾಡ್ಕೊಡ್ತೀನಮ್ಮ."

"ಬೇಡ. ಅದನ್ನೇ ಇಡಿ."

ಇಟ್ಟ. ಹಸಿರು ಹಲಗೆಯನ್ನು ಸೀಳಿನಲ್ಲಿ ಕೂರಿಸಿದ. ಹಿಂಬದಿಗೆ ಎರಡು ಕೊಂಬು ತಿರುಚಿದ. ಆನ್ ಮಾಡಿದ. ಎಷ್ಟೋ ಹೊತ್ತು ಗೊರ್ ಗೊರ್ ಅಂದು ಎದ್ದಿತು. ಅದೇನೇನೋ ಒತ್ತಿ ನೋಡಿ, ಮತ್ತೆ ಮೇಜಿನಡಿ ತಲೆ ತೂರಿಸಿ, ಅಲ್ಲಿಂದಲೇ ಕೂಗಿದ.

"ಅಮ್ಮಾ, ಎಲ್ಲಾ ಸರಿ ಇದೆ. ಡ್ರೈವರ್ ಇಲ್ಲ, ಅದೊಂದೇ ತೊಂದ್ರೆ."

ಮಗಳು ಕಾಫಿ ತರುತ್ತಿದ್ದಳು. ಹೊಸ್ತಿಲಲ್ಲೇ ನಿಂತಳು. "ಗೊತ್ತು" ಎಂದಳು.

"ಗೊತ್ತಾ? ಮೊದ್ಲೇ ಹೇಳ್ಬಾರ್ದಾ. ಹೋಗಿ ಎಷ್ಟು ದಿನ ಆಯ್ತು?"

"ಹತ್ತು ತಿಂಗಳು."

"ಹಂಗಾದ್ರೆ ಇನ್ನು ಹುಡುಕಿದ್ರೂ ಸಿಗಲ್ಲ ಬಿಡಿ. ಡ್ರೈವರ್ ಇಲ್ದೆ ಏನೂ ನಡೆಯಲ್ಲ."

ನನಗೆ ಕಾಲಿಂದ ತಲೆಯವರೆಗೆ ಉರಿಯಿತು. "ಯಾರ ಮನೇಲಿ ಕೂತು ಏನ್ ಮಾತಾಡ್ತಿದ್ದೀಯಯ್ಯಾ ನೀನು? ತಗಡು ಬಿಚ್ಚೋಕೆ ಕರೆದ್ರೆ ಗಾಯ ಬಿಚ್ಚೋಕೆ ಬಂದ್ಯಾ?" ಎಂದೆ. ಅವನು ಮೇಜಿಗೆ ತಲೆ ಹೊಡೆದುಕೊಂಡು ಈಚೆ ಬಂದ. ಏನೂ ಅರ್ಥವಾಗದ ಮುಖ. ಮೊಮ್ಮಗಳು ಓಡಿ ಬಂದು ಬಿಡಿಸಿ ಹೇಳಿದಳು — ಮೆಷಿನ್ನಿಗೆ ಹೊಸ ಭಾಗ ಹಾಕಿದರೆ ಅದನ್ನು ನಡೆಸುವುದಕ್ಕೆ ಒಂದು ಬರಹ ಒಳಗೆ ಹೋಗಬೇಕಂತೆ, ಅದರ ಹೆಸರೇ ಡ್ರೈವರ್ ಅಂತೆ.

ಪಾಪ, ಅವನು ನೆಲದ ಮೇಲೆ ಕೂತೇಬಿಟ್ಟ. "ತಪ್ಪಾಯ್ತಮ್ಮ. ನಂಗೆ ಗೊತ್ತಿರ್ಲಿಲ್ಲ" ಎಂದು ಮೂರು ಸಲ ಹೇಳಿದ. ಮಗಳು ಅವನ ಮುಂದೆ ಲೋಟ ಇಟ್ಟಳು. "ಬಿಡಿ, ನೀವು ಹೇಳಿದ್ದು ಸರಿಯಾಗೇ ಇತ್ತು."

ಆಮೇಲೆ ಅವನು ಅಂದ ಮಾತು: "ಈ ಡಬ್ಬಿ ಜೊತೆ ಒಂದು ಸೀಡಿ ಬಂದಿರತ್ತೆ. ಈ ದುಂಡು ಜಾಗದಲ್ಲಿ. ಡ್ರೈವರ್ ಅದ್ರಲ್ಲೇ ಇರೋದು. ನೋಡಿ, ಮನೇಲೇ ಎಲ್ಲಾದ್ರೂ ಇರ್ಬೋದು."

ಟ್ರಂಕು ನನ್ನ ಮಂಚದ ಕೆಳಗೆ. ಅವನ ಕಾಲಿನಿಂದ ಎರಡು ಮೊಳ.

ಬಾಯಿ ಬಿಡಬಾರದ ಕಡೆಯೆಲ್ಲ ಬಿಟ್ಟುಕೊಂಡು ಬಂದವಳು ನಾನು. ಇವತ್ತು ಬಿಡಲಿಲ್ಲ.

ಜೂನ್ 7, ಶನಿವಾರ

ರಿಪೇರಿಯವನು ಬೇರೆ ಕಡೆಯಿಂದ ಪೆನ್‌ಡ್ರೈವ್ ಅನ್ನುವ ಒಂದು ಕಡ್ಡಿಯಲ್ಲಿ ಮೂರು ಥರದ ಡ್ರೈವರ್ ತುಂಬಿಸಿಕೊಂಡು ತಂದ. ಮೆಷಿನ್ನು ಮೂರನ್ನೂ ಉಗಿಯಿತು. ಪರದೆಯ ಮೇಲೆ ಬಂದದ್ದನ್ನು ಮೊಮ್ಮಗಳು ಕನ್ನಡದಲ್ಲಿ ಓದಿದಳು: "ಡ್ರೈವರ್ ಸಿಗಲಿಲ್ಲ."

"ಗಟ್ಟಿಯಾಗಿ ಓದ್ಬೇಡ" ಎಂದಳು ಅವಳಮ್ಮ.

ಕಾರ್ಡು ಮಾಡಿದ ಕಂಪನಿಯೇ ಮುಚ್ಚಿಹೋಗಿದೆಯಂತೆ. ಹೊಸ ಕಾರ್ಡು ತಂದರೆ ಈ ಮುದಿ ಮೆಷಿನ್ನಿಗೆ ಒಗ್ಗುವುದಿಲ್ಲವಂತೆ. ಸೀಡಿ ಸಿಕ್ಕರೆ ಫೋನು ಮಾಡಿ ಎಂದು ಹೋದ.

ಮಗಳು ಮನೆ ಬುಡಮೇಲು ಮಾಡಿದಳು. ಡ್ರಾಯರು, ಹಾಸಿಗೆ, ಪಾತ್ರೆ ಅಟ್ಟ, ಅವನ ಹಳೇ ಚೀಲ. ಸೆರಗು ಸಿಕ್ಕಿಸಿಕೊಂಡು, ಮೂಗಿಗೆ ಧೂಳು ಮೆತ್ತಿಕೊಂಡು. ಹತ್ತು ತಿಂಗಳಿಗೆ ಅವಳ ಕೈಕಾಲು ಓಡಾಡಿದ್ದು ನೋಡಿ ಕಣ್ಣು ತುಂಬಿತು. ಹುಡುಕುತ್ತಿರುವುದು ನನ್ನ ಕಳ್ಳಮಾಲು ಎಂಬುದು ನೆನಪಾಗಿ ಒರೆಸಿಕೊಂಡೆ.

"ಅಮ್ಮ, ನೀನೇನಾದ್ರೂ ನೋಡಿದ್ಯಾ? ದುಂಡಗೆ, ಬೆಳ್ಳಗೆ?"

"ನಂಗೇನು ಗೊತ್ತೇ ಸೀಡಿ ಗೀಡಿ. ನಂಗೆ ಗೊತ್ತಿರೋ ದುಂಡಗಿನ ವಸ್ತು ಮಾತ್ರೆ ಒಂದೇ."

ನಗಲಿ ಎಂದು ಹೇಳಿದೆ. ನಗಲಿಲ್ಲ.

ಜೂನ್ 8

ಬರೆಯುವುದಕ್ಕೆ ಏನೂ ಇಲ್ಲ.

ಜೂನ್ 12, ಗುರುವಾರ

ಮೂರು ದಿನ ಬರೆಯಲಿಲ್ಲ. ಪೆನ್ನು ಹಿಡಿದರೆ ಏನು ಬರೆಯಬೇಕು ಎಂಬುದು ನನಗೇ ಗೊತ್ತಿತ್ತು.

ಮಗಳು ಕಂಪ್ಯೂಟರಿಗೆ ಹಳೇ ಸೀರೆ ಹೊದಿಸಿದಳು. ಮತ್ತೆ ತಲೆ ಬಾಚುವುದು ನಿಲ್ಲಿಸಿದ್ದಾಳೆ. ಶನಿವಾರ ಆಸ್ಪತ್ರೆಯವರಿಗೆ ಫೋನು ಮಾಡಿ ನನಗೆ ಆಗುವುದಿಲ್ಲ, ಬೇರೆಯವರಿಗೆ ಕೊಟ್ಟುಬಿಡಿ ಎನ್ನುತ್ತಾಳಂತೆ. ಮೊಮ್ಮಗಳು ಹೇಳಿದ್ದು. ಹದಿಮೂರು ವರ್ಷದ್ದು. ಶಾಲೆಯಿಂದ ಬಂದರೆ ಅಮ್ಮನ ಮುಖ ನೋಡಿಯೇ ಚಪ್ಪಲಿ ಬಿಡುತ್ತದೆ.

ತಟ್ಟೆಯನ್ನು ಬಿಚ್ಚಿ ನೋಡಿದೆ. ಯೋಚಿಸಿದೆ. ಇದರೊಳಗೆ ಅವನ ಮಾತಿದ್ದರೆ ಮಗಳ ಮುಂದೆ ನನ್ನ ಬಣ್ಣ ಬಯಲಾಗುತ್ತದೆ. ಅದಕ್ಕೆ ನಾನು ಹೆದರುವುದಿಲ್ಲ, ನನ್ನ ಬಣ್ಣ ಅವಳಿಗೆ ಹೊಸದಲ್ಲ. ಹೆದರಿಕೆ ಬೇರೆ. ಇದರೊಳಗೆ ಅವನ ಮಾತು ಇಲ್ಲದೇ ಹೋದರೆ? ಬರೀ ಮೆಷಿನ್ನಿನ ಸಾಮಾನಾಗಿದ್ದರೆ? ಹತ್ತು ತಿಂಗಳಿಂದ ಇದನ್ನು ನಂಬಿಕೊಂಡು ಕೂತಿದ್ದೇನೆ. ಇಷ್ಟೆಲ್ಲ ಆದ ಮೇಲೂ ನನಗೆಂದು ಏನೋ ಉಳಿಸಿ ಹೋದ ಎಂದು. ಅದೂ ಹೋದರೆ ನನ್ನ ಹತ್ತಿರ ಅವನದು ಈ ಖಾಲಿ ಡೈರಿ ಒಂದೇ.

ಮುದುಕಿಗೆ ಎಷ್ಟು ಆಸೆ ನೋಡು.

ಜೂನ್ 14, ಶನಿವಾರ, ಬೆಳಿಗ್ಗೆ

ಮಗಳು ಫೋನು ಕೈಗೆತ್ತಿಕೊಳ್ಳುವುದನ್ನು ನೋಡಿದೆ. "ಆಸ್ಪತ್ರೆಗೆ ಸಂಜೆ ಮಾಡು. ಮೊದ್ಲು ಆ ರಿಪೇರಿಯವನಿಗೆ ಬರ ಹೇಳು" ಎಂದೆ. ಯಾಕೆ ಎಂದಳು. "ಹೇಳಿದಷ್ಟು ಮಾಡು" ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಮಾಡಿದಳು.

ಅದೇ ದಿನ, ಸಂಜೆ

ಬಂದ. ಮಗಳನ್ನು ಕಾಫಿಗೆ ಒಳಗೆ ಕಳಿಸಿದೆ. ಅವಳು ಅತ್ತ ಹೋಗುತ್ತಲೇ ಟ್ರಂಕಿನಿಂದ ತೆಗೆದು ಅವನ ಕೈಗಿತ್ತೆ. ರವಿಕೆ ಸಮೇತ. ಬಿಚ್ಚಿ ನೋಡಿ ಅವನ ಮುಖ ಅರಳಿತು.

"ಎಲ್ಲಿತ್ತಜ್ಜಿ ಇದು?"

"ಎಲ್ಲಿದ್ದರೇನು. ಹಾಕು."

ಸೀಡಿ ಇಡುವ ಟ್ರೇ ಹೊರಗೆ ಬರಲಿಲ್ಲ. ವರ್ಷದಿಂದ ತೆರೆಯದೆ ಹಿಡಿದುಕೊಂಡಿತ್ತು. ಅದರ ಮುಂದೆ ಸಣ್ಣ ತೂತಿದೆ, ಪಿನ್ನು ಬೇಕು ಎಂದ. ನನ್ನ ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಕೊಟ್ಟೆ. ಚುಚ್ಚಿದ. ನಾಲಿಗೆ ಚಾಚಿದ ಹಾಗೆ ಈಚೆ ಬಂತು.

ತಟ್ಟೆ ಒಳಗೆ ಹೋಗುವ ಮೊದಲು ಅವನ ತೋಳು ಹಿಡಿದೆ.

"ನೋಡಪ್ಪ, ಮೊದ್ಲು ಸೌಂಡು ಕಡಿಮೆ ಮಾಡು. ನನ್ನ ಕಿವಿಗಷ್ಟೇ ಬೀಳೋ ಹಾಗೆ."

"ಇದ್ರಲ್ಲಿ ಸೌಂಡ್ ಇಲ್ಲ ಅಜ್ಜಿ."

"ಮಾತು?"

"ಮಾತೂ ಇಲ್ಲ. ಬರೀ ಡ್ರೈವರ್."

ಅವನು ನನ್ನ ಮುಖ ನೋಡಿದ. ಏನು ಹೊಳೆಯಿತೋ, ಬೇಗ ಪರದೆ ಕಡೆ ತಿರುಗಿಕೊಂಡ. "ಇನ್ನೊಂದ್ಸಲ ನೋಡ್ತೀನಿ ಇರಿ" ಎಂದು ತಟ್ಟೆಯೊಳಗೆ ಇದ್ದದ್ದನ್ನೆಲ್ಲ ಒಂದೊಂದಾಗಿ ತೆರೆದ. ಸುಮ್ಮನೆ ನನಗೋಸ್ಕರ. ಒಳ್ಳೆಯವನು. "ಇಲ್ಲ ಅಜ್ಜಿ" ಎಂದ.

ಮಂಚದ ಮೇಲೆ ಕೂತೆ.

ಮಗಳು ಕಾಫಿ ತಂದಳು. ರವಿಕೆ ನೋಡಿದಳು, ತೆರೆದ ಟ್ರಂಕು ನೋಡಿದಳು. "ನಿನ್ ಹತ್ರ ಇತ್ತಾ ಅಮ್ಮ?"

"ಇತ್ತು."

"ನಾನು ಅಷ್ಟು ಹುಡುಕುವಾಗ್ಲೂ?"

"ಆವಾಗ್ಲೂ."

"ಯಾಕೆ?"

ಹೇಳಿದೆ. ಆ ಅಪರಿಚಿತ ಗಂಡಸಿನ ಎದುರೇ ಹೇಳಿದೆ. ಡ್ರೈವರ್ ಎಂದು ಬರೆದಿತ್ತು, ನನಗೇ ಬರೆದದ್ದು ಅಂದುಕೊಂಡೆ ಎಂದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಲೋಟವನ್ನು ನನ್ನ ಕೈಗೆ ಕೊಟ್ಟು, ಬೆರಳು ಮುಚ್ಚಿಸಿ, ಹೋಗಿ ಕುರ್ಚಿಯಲ್ಲಿ ಕೂತಳು.

ಕೊಂಬಿನ ಹತ್ತಿರ ಹಸಿರು ದೀಪ ಮಿಣುಕಿತು. ಮೊಮ್ಮಗಳು ಮಹಡಿಯಮ್ಮನ ಪಾಸ್‌ವರ್ಡ್ ಹೊಡೆದಳು. ಬಂತು. ಹಾರಿಕೊಂಡೇ ಬಂತು.

ಐದು ನಿಮಿಷ ಆಗಿಲ್ಲ, ಮಹಡಿಯಮ್ಮ ಮೆಟ್ಟಿಲ ಮೇಲಿಂದ ಕೂಗಿದಳು. "ಅಜ್ಜಿ, ನಮ್ಮ ನೆಟ್‌ಗೆ ಯಾರ್ಯಾರು ಸೇರ್ಕೊಂಡಿದ್ದಾರೆ ಅಂತ ಫೋನಲ್ಲಿ ತೋರ್ಸತ್ತೆ. ಈಗ ಯಾರೋ 'ಅತ್ತೆ' ಅಂತ ಬಂದಿದ್ದಾರೆ. ನಿಮ್ಮೋರಾ? ನಮ್ಮತ್ತೆ ತೀರ್ಕೊಂಡು ಎಂಟು ವರ್ಷ ಆಯ್ತು, ನಂಗೆ ಎದೆ ಧಸಕ್ಕಂತು."

ಮಗಳ ಮುಖ ಒಂದು ಥರಾ ಆಯಿತು. ಕೆನ್ನೆ ಉಬ್ಬಿತು. ಆಮೇಲೆ ನಕ್ಕಳು. ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಭುಜ ಕುಲುಕುತ್ತಿತ್ತು. ಯಾವಾಗ ನಗು ಹೋಗಿ ಅಳು ಬಂತೋ ನಮಗಾರಿಗೂ ತಿಳಿಯಲಿಲ್ಲ. ರಿಪೇರಿಯವನು ಸದ್ದಿಲ್ಲದೆ ಚೀಲ ಕಟ್ಟಿಕೊಂಡು ಎದ್ದ.

"ಈ ಕಂಪ್ಯೂಟರಿಗೆ ಅವ್ರು ಇಟ್ಟಿದ್ದ ಹೆಸ್ರಮ್ಮ ಅದು" ಎಂದಳು, ಮೂಗು ಒರೆಸಿಕೊಂಡು. "ಏಳೋದಕ್ಕೇ ಅರ್ಧ ಗಂಟೆ, ಎದ್ಮೇಲೆ ಗೊರ್ ಅನ್ನೋದು ನಿಲ್ಸಲ್ಲ, ಆದ್ರೆ ಒಂದಿನಾನೂ ಕೈ ಕೊಟ್ಟಿಲ್ಲ, ಇದು ನಮ್ಮ ಅತ್ತೆನೇ ಅಂತಿದ್ರು. ದಿನಾ ಸ್ವಿಚ್ ಹಾಕಿ ಕೇಳೋರಲ್ಲ, ಅತ್ತೆ ಎದ್ರಾ, ಅಂತ."

ನನ್ನ ಕೈಯಲ್ಲಿದ್ದ ಕಾಫಿ ಆರಿತ್ತು.

ಜೂನ್ 15, ಭಾನುವಾರ (ಡೈರಿಯಲ್ಲಿ ಶನಿವಾರ)

ಮಾತ್ರೆ ಮರೆತೆ.

ಅಂದರೆ ನನ್ನನ್ನು ಕೇಳಿದ್ದಲ್ಲ. ಆರು ವರ್ಷ ಅವನು ಕೇಳುತ್ತಿದ್ದದ್ದು ಆ ತಗಡಿನ ಡಬ್ಬವನ್ನು. ನಾನು ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಬಿಂಕ ಮಾಡಿದ್ದು ಯಾರಿಗೂ ಬೇಕಿಲ್ಲದ ಬಿಂಕ. ಉತ್ತರ ಕೊಡಲಿಲ್ಲವಲ್ಲ ಎಂದು ಹತ್ತು ತಿಂಗಳು ಒಳಗೊಳಗೇ ಬೆಂದದ್ದೂ ದಂಡ. ಹಗುರಾಗಬೇಕಿತ್ತು. ಆಗಲಿಲ್ಲ. ದಿನಕ್ಕೊಂದು ಸಲ ಯಾರೋ ನನ್ನನ್ನು ಎದ್ದಿರಾ ಎಂದು ಕೇಳಿದರು ಎಂಬುದಿತ್ತು. ಈಗ ಅದೂ ಇಲ್ಲ.

ಮಧ್ಯಾಹ್ನ ಮಗಳು ನನ್ನ ತಲೆ ಬಾಚಲು ಕೂತಳು. ತನ್ನದನ್ನೂ ಬಾಚಿಕೊಂಡಿದ್ದಳು. ಬೆನ್ನು ತಿರುಗಿಸಿಕೊಂಡೇ ಕೇಳಿದೆ, ಮುಖ ನೋಡಿ ಕೇಳಲಾಗಲಿಲ್ಲ.

"ಅವನು ಕೇಳ್ತಿದ್ದಿದ್ದು ಅದನ್ನೇ ತಾನೇ. ನನ್ನನ್ನಲ್ಲ."

ಹಣಿಗೆಗೆ ಸಿಕ್ಕಿದ ಕೂದಲು ಬಿಡಿಸಿದಳು.

"ನಂಗೂ ಗೊತ್ತಿಲ್ಲ ಅಮ್ಮ. ನಾನೂ ಒಂದ್ಸಲ ಕೇಳಿದ್ದೆ. ಇಬ್ರಲ್ಲಿ ಯಾರೋ ಒಬ್ರು ಎದ್ರೆ ಸಾಕು ಅಂದಿದ್ರು."

ಹಣಿಗೆ ಮತ್ತೆ ಓಡಿತು. ಅವಳ ಕೈ ಭಾರ. ಚಿಕ್ಕಂದಿನಿಂದಲೂ. ಹೇಳಲಿಲ್ಲ.

ಜೂನ್ 16, ಸೋಮವಾರ, ಮಧ್ಯಾಹ್ನ

ಒಂಬತ್ತಕ್ಕೆ ಹಾಜರಿ ಹಾಕಿದಳು. ಒಗೆದ ಸೀರೆ ಉಟ್ಟು ಕೂತಿದ್ದಳು, ಆಸ್ಪತ್ರೆಯವರು ಅಲ್ಲಿಂದ ನೋಡುತ್ತಾರೇನೋ ಎಂಬ ಹಾಗೆ. ಎರಡು ಗಂಟೆಯವರೆಗೆ ಟಕಟಕ. ಯಾರದೋ ಜ್ವರ, ಯಾರದೋ ಹೆರಿಗೆ, ಇಪ್ಪತ್ತು ವರ್ಷದ ಹಿಂದಿನದು. ತೀರಿಕೊಂಡವರ ಹೆಸರು ಬಂದರೆ ಅವಳ ಬೆರಳು ನಿಧಾನವಾಗುತ್ತದೆ. ಬೀರುವಿನ ಈಚೆಯಿಂದ ಕೇಳಿದರೆ ಗೊತ್ತಾಗುತ್ತದೆ. ಆಮೇಲೆ ಮತ್ತೆ ಟಕಟಕ.

ಊಟ ಮಾಡಿ ಮೆಷಿನ್ನು ಆರಲಿ ಎಂದು ಆಫ್ ಮಾಡಿದಳು. ಕನ್ನಡಿ ನೋಡಿಕೊಂಡಳು. ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುತ್ತೇನೆ ಎಂದು ಚಪ್ಪಲಿ ಹುಡುಕಿದಳು. ಚಪ್ಪಲಿ ಹತ್ತು ತಿಂಗಳಿಂದ ಬಾಗಿಲ ಹಿಂದೆ. ಧೂಳು ಕೊಡವಿ ಮೆಟ್ಟಿಕೊಂಡಳು. ಗೇಟಿನ ಹತ್ತಿರ ನಿಂತು, ಚಿಲಕದ ಮೇಲೆ ಕೈಯಿಟ್ಟು, ತುಂಬ ಹೊತ್ತು... ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ. ತಿರುಗಿ ನೋಡದೆ ಕೂಗಿ ಹೇಳಿದಳು. "ಅಮ್ಮ, ಮೂರಕ್ಕೆ ಅದ್ರ ಸ್ವಿಚ್ ಹಾಕಿರು. ನಾನು ಬರೋಷ್ಟ್ರಲ್ಲಿ ಎದ್ದಿರತ್ತೆ."

ದಾಟಿದಳು.

ಮೂರು. ಸ್ವಿಚ್ಚು ಹಾಕಿದೆ. ಹಸಿರು ದೀಪ ಬಂತು. ಈಗ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಬೀರುವಿನಾಚೆ ಅದು ಗೊರ್ ಅನ್ನುತ್ತಿದೆ. ಫ್ಯಾನು ಲೊಟಗುಟ್ಟುತ್ತಿಲ್ಲ, ಟಿಕೆಟ್ಟಿನ ಚೂರು ಹಿಡಿದುಕೊಂಡಿದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಈ ಹೊತ್ತಿಗೆ ಕೇಳುತ್ತಿದ್ದ.

ಯಾರನ್ನಾದರೂ ಕೇಳಿರಲಿ.

ಎದ್ದಿದ್ದೇನೆ, ಅಳಿಯಂದಿರೇ. ಆವಾಗಲೂ ಎದ್ದೇ ಇರುತ್ತಿದ್ದೆ. ಸುಮ್ಮನೆ ಗೋಡೆ ಕಡೆ ತಿರುಗಿಕೊಂಡು...